ನೀರಿನ ಮೇಜಿನ ಮುಂದೆ ಗಕ್ಕನೆ ನಿಂತ ಮೇಲೆ

ನನ್ನ ಮೊದಲ ಮ್ಯಾರಥಾನ್ ಮುಗಿದು ಎರಡು ವರ್ಷ ಆಯಿತು. ಪದಕ ಯಾವ ಕಪಾಟಿನಲ್ಲಿದೆ ಅಂತ ಕೇಳಿದರೆ ಹುಡುಕಬೇಕು. ಎಷ್ಟು ಹೊತ್ತಿನಲ್ಲಿ ಮುಗಿಸಿದೆ ಅನ್ನುವುದೂ ನಿಮಿಷದ ಲೆಕ್ಕದಲ್ಲಿ ನೆನಪಿಲ್ಲ. ಅರ್ಧ ದಾರಿಯ ಹತ್ತಿರ, ನೀರಿನ ಮೇಜಿನ ಮುಂದೆ ನಡೆದ ಹತ್ತು ಸೆಕೆಂಡು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಡೆದದ್ದು ಇಷ್ಟು. ಸೊಂಟದ ಪಟ್ಟಿಯಿಂದ ಜೆಲ್ ಪೊಟ್ಟಣ ತೆಗೆದೆ. ಜೆಲ್ ಅಂದರೆ ಓಡುತ್ತಲೇ ಶಕ್ತಿಗಾಗಿ ತಿನ್ನುವ ಲೇಹದಂಥ ಸಿಹಿ. ಕೈಯೆಲ್ಲ ಬೆವರು. ಪೊಟ್ಟಣದ ಮೂಲೆ ಹರಿಯಲಿಲ್ಲ. ಹಲ್ಲಿನಿಂದ ಎಳೆದೆ. ಅರ್ಧ ಹರಿದು ಬೆರಳಿಗೆಲ್ಲ ಮೆತ್ತಿಕೊಂಡಿತು. ಆ ಜೆಲ್ಲನ್ನು ಅಭ್ಯಾಸದ ಓಟದಲ್ಲಿ ನಾನು ಒಮ್ಮೆಯೂ ತಿಂದಿರಲಿಲ್ಲ. ಹಿಂದಿನ ದಿನ ಬಿಬ್, ಅಂದರೆ ಅಂಗಿಗೆ ಚುಚ್ಚುವ ನಂಬರ್ ಚೀಟಿ, ತರಲು ಹೋದಾಗ ಅಲ್ಲೇ ಕೊಂಡದ್ದು. ಬಾಯಿಗೆ ಹಾಕಿದ್ದೇ ತಡ, ಗಂಟಲಲ್ಲಿ ಅಂಟಿ ನಿಂತಿತು. ಓಕರಿಕೆ ಬಂದ ಹಾಗಾಯಿತು. ಅಷ್ಟರಲ್ಲಿ ಎದುರಿಗೆ ನೀರಿನ ಮೇಜುಗಳ ಸಾಲು ಕಂಡಿತು. ಅದರಲ್ಲಿ ಮೊಟ್ಟಮೊದಲ ಮೇಜಿಗೆ ನುಗ್ಗಿ, ಹಿಂದೆ ನೋಡದೆ, ಅಡ್ಡಬಂದು ಗಕ್ಕನೆ ನಿಂತುಬಿಟ್ಟೆ. ಹಿಂದಿನಿಂದ ಒಂದು ಮೈ ನನ್ನ ಬೆನ್ನಿಗೆ ಬಡಿಯಿತು. ತಿರುಗಿದರೆ ಒಬ್ಬ ಮಹಿಳೆ ಕೆಳಗೆ ಬಿದ್ದಿದ್ದರು. ನೀಲಿ ಅಂಗಿ, ನರೆತ ಕೂದಲಿನ ಗಿಡ್ಡ ಜಡೆ. ಮಂಡಿ ತರಚಿತ್ತು. ಬಲಗೈ ಅಂಗೈಯಲ್ಲಿ ರಕ್ತ ಜಿನುಗುತ್ತಿತ್ತು. ನಾನು ಬಾಯಿಬಿಡುವ ಮೊದಲೇ ಅವರು ಎದ್ದರು. "ಏನೂ ಆಗಿಲ್ಲ, ನೀವು ನೀರು ಕುಡೀರಿ" ಅಂದರು. ಒಂದು ಸಲ ಗಡಿಯಾರ ನೋಡಿಕೊಂಡರು. ನಾಲ್ಕು ಹೆಜ್ಜೆ ಕುಂಟಿ, ಆಮೇಲೆ ಓಡುತ್ತಾ ಹೋದರು.

ಅವರ ಬಿಬ್ ಎದೆಯ ಮೇಲಿತ್ತು. ನನಗೆ ಕಂಡದ್ದು ಬೆನ್ನು ಮಾತ್ರ. ನಂಬರ್ ಗೊತ್ತಾಗಲಿಲ್ಲ. ಓಟ ಮುಗಿದ ಮೇಲೆ ಒಂದು ಗಂಟೆ ಹುಡುಕಿದೆ, ಸಿಗಲಿಲ್ಲ. ಅವರೂ ತಿಂಗಳುಗಟ್ಟಲೆ ಕಷ್ಟಪಟ್ಟು ಆ ದಿನಕ್ಕೆ ಬಂದಿರುತ್ತಾರೆ. ಅದೆಲ್ಲವನ್ನೂ ನಾನು ಒಂದು ಪೊಟ್ಟಣದ ಗಲಿಬಿಲಿಯಲ್ಲಿ ಕೆಳಗೆ ಬೀಳಿಸಿದೆ ಅನ್ನುವ ಯೋಚನೆ ಇನ್ನೂ ಬಿಟ್ಟಿಲ್ಲ.

ಮನೆಗೆ ಬಂದು ನನ್ನ ಅಭ್ಯಾಸದ ಡೈರಿ ತೆಗೆದು ನೋಡಿದೆ. 18 ವಾರಗಳ ಲೆಕ್ಕ. ಯಾವ ದಿನ ಎಷ್ಟು ಓಡಿದೆ, ಎಷ್ಟು ನಿದ್ದೆ ಮಾಡಿದೆ, ಮಂಡಿ ಎಲ್ಲಿ ನೋಯಿತು, ಎಲ್ಲ ಇದೆ. ಜೊತೆಗೆ ಓಡುವವರ ಬಗ್ಗೆ ಒಂದು ಸಾಲೂ ಇಲ್ಲ. ಸಾವಿರಾರು ಜನ ಒಂದೇ ರಸ್ತೆಯಲ್ಲಿ ಓಡುವ ದಿನಕ್ಕೆ, ನಾನೊಬ್ಬನೇ ಓಡುವ ಹಾಗೆ ತಯಾರಾಗಿದ್ದೆ. ಓಟದ ದಿನ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ನಾನು ಓದಿರಲಿಲ್ಲ ಅಂತಲ್ಲ. ಓದಿದ್ದೆ. ತಯಾರಿ ಬೇರೆ, ನಡವಳಿಕೆ ಬೇರೆ ಅಂದುಕೊಂಡಿದ್ದೆ. ತಯಾರಿ ನನಗಾಗಿ, ನಡವಳಿಕೆ ಬೇರೆಯವರಿಗಾಗಿ. ಈಗ ಹಾಗೆ ಅನಿಸುವುದಿಲ್ಲ. ಆವತ್ತು ನನಗೆ ಒಳ್ಳೆಯ ಬುದ್ಧಿ ಇರಲಿಲ್ಲ ಅಂತ ಆ ಮಹಿಳೆ ಬೀಳಲಿಲ್ಲ. ಜೆಲ್ ಹರಿಯುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ, ಅದಕ್ಕೇ ಬಿದ್ದರು. ಕೈಯಲ್ಲಿರುವ ಕೆಲಸ ಗೊತ್ತಿಲ್ಲದವನ ಗಮನ ಪೂರ್ತಿ ಕೈಯಲ್ಲೇ ಇರುತ್ತದೆ. ಬೆನ್ನ ಹಿಂದೆ ಯಾರಿದ್ದಾರೆ ಅಂತ ನೋಡಲು ಅವನ ಹತ್ತಿರ ಏನೂ ಉಳಿದಿರುವುದಿಲ್ಲ.

ಮೊದಲ ಸಲ ಓಡಲು ಹೊರಟಿರುವವರು ನನ್ನನ್ನು ಕೇಳಿದಾಗಲೆಲ್ಲ ಇದನ್ನೇ ಬೇರೆಬೇರೆ ರೀತಿ ಹೇಳುತ್ತಾ ಬಂದಿದ್ದೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿಂದಿನ ಸಂಜೆ

"ಓಟದ ದಿನ ಹೊಸದೇನೂ ಬೇಡ." ಓಡುವವರ ನಡುವೆ ಇದಕ್ಕಿಂತ ಹಳೆಯ ಮಾತು ಇರಲಾರದು. ಎಲ್ಲರೂ ಕೇಳಿರುತ್ತಾರೆ, ಆದರೂ ಬಿಬ್ ತರಲು ಹೋದ ಜಾಗದಲ್ಲಿ ಮನಸ್ಸು ಜಾರುತ್ತದೆ. ಅಲ್ಲಿ ಹೊಸ ಸಾಕ್ಸು, ಹೊಸ ಟೋಪಿ, ಹೊಸ ಜೆಲ್ ಎಲ್ಲ ಇರುತ್ತದೆ. ಕೊಳ್ಳಿ, ತಪ್ಪೇನಿಲ್ಲ. ಮುಂದಿನ ವಾರದ ಓಟಕ್ಕೆ ಇಟ್ಟುಕೊಳ್ಳಿ. ಓಟದ ದಿನ ಹಾಕುವ ಶೂ ಹಿಂದೆ ಕೆಲವು ಉದ್ದದ ಓಟಗಳನ್ನು ಕಂಡಿರಬೇಕು. ಅಂಗಿಯ ಹೊಲಿಗೆ ಎಲ್ಲಿ ಚರ್ಮ ಉಜ್ಜುತ್ತದೆ ಅನ್ನುವುದು 5 ಕಿಲೋಮೀಟರಿನಲ್ಲಿ ಗೊತ್ತಾಗುವುದಿಲ್ಲ, 25ರಲ್ಲಿ ಗೊತ್ತಾಗುತ್ತದೆ. ಕಂಕುಳು, ತೊಡೆಯ ಒಳಬದಿ, ಎದೆಯ ತೊಟ್ಟು, ಸೊಂಟದ ಪಟ್ಟಿ ಕೂರುವ ಜಾಗ, ಇಲ್ಲೆಲ್ಲ ವ್ಯಾಸಲೀನ್ ಧಾರಾಳವಾಗಿ ಹಚ್ಚಿ. ಗಂಡಸರು ಎದೆಯ ತೊಟ್ಟಿಗೆ ಸಣ್ಣ ಪ್ಲಾಸ್ಟರ್ ಹಚ್ಚಿಕೊಂಡರೆ ಅಂಗಿಯ ಮೇಲೆ ರಕ್ತದ ಗೆರೆ ಮೂಡುವುದು ತಪ್ಪುತ್ತದೆ. ಕಾಲಿನ ಉಗುರನ್ನು ಹಿಂದಿನ ರಾತ್ರಿ ಕತ್ತರಿಸಬೇಡಿ. ಎರಡು ಮೂರು ದಿನ ಮೊದಲೇ ಕತ್ತರಿಸಿ. ಆಳಕ್ಕೆ ಕತ್ತರಿಸಿ ನೋವಾದರೂ ಮಾಯಲು ಸಮಯ ಸಿಗುತ್ತದೆ.

ಸಂಜೆಯೇ ಎಲ್ಲವನ್ನೂ ನೆಲದ ಮೇಲೆ ಹರಡಿ ಜೋಡಿಸಿ ನೋಡುವುದು ನನಗೆ ಇಷ್ಟದ ಕೆಲಸ. ಅಂಗಿ, ಚಡ್ಡಿ, ಸಾಕ್ಸು, ಶೂ, ಟೋಪಿ, ಜೆಲ್ಲುಗಳು. ಬಿಬ್ಬನ್ನು ಆಗಲೇ ಅಂಗಿಗೆ ಚುಚ್ಚಿಡಿ. ಎದೆಯ ಮೇಲೆ, ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಬೆನ್ನಿಗಲ್ಲ, ತೊಡೆಗಲ್ಲ. ಸಾಮಾನ್ಯವಾಗಿ ಸಮಯ ಅಳೆಯುವ ಚಿಪ್ ಬಿಬ್ಬಿನ ಹಿಂಬದಿಯಲ್ಲೇ ಅಂಟಿರುತ್ತದೆ. ಅದನ್ನು ಮಡಿಸಬಾರದು, ಕೀಳಬಾರದು, ಮೇಲೆ ಜಾಕೆಟ್ ಮುಚ್ಚಬಾರದು.

ಬಿಬ್ಬನ್ನು ತಿರುಗಿಸಿ ನೋಡಿ. ಹಿಂದೆ ಕೆಲವು ಖಾಲಿ ಗೆರೆಗಳಿರುತ್ತವೆ. ಹೆಸರು, ರಕ್ತದ ಗುಂಪು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಯಾವ ಔಷಧಿ ಆಗಿಬರುವುದಿಲ್ಲ. ಎಷ್ಟೋ ಜನ ಅದನ್ನು ತುಂಬುವುದೇ ಇಲ್ಲ. ದಯವಿಟ್ಟು ತುಂಬಿ. ಹಾಗೆಯೇ, ನಿಮಗೆ ಓಡಲು ಆಗದಿದ್ದರೆ ಬಿಬ್ಬನ್ನು ಸುಮ್ನೆ ಗೆಳೆಯರಿಗೆ ಕೊಟ್ಟುಬಿಡಬೇಡಿ. ದುಡ್ಡು ಹಾಳಾಗದಿರಲಿ ಅಂತ ಕೊಡುವವರು ಬಹಳ ಜನ. ಕೆಟ್ಟ ಉದ್ದೇಶ ಇರುವುದಿಲ್ಲ, ನಿಜ. ಆದರೆ ಆ ಗೆಳೆಯ 38ನೇ ಕಿಲೋಮೀಟರಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರೆ ವೈದ್ಯರು ನಂಬುವುದು ಬಿಬ್ಬಿನ ಮೇಲಿರುವ ಹೆಸರನ್ನು. ಫೋನ್ ಹೋಗುವುದು ನಿಮ್ಮ ಮನೆಗೆ. ಅವರ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹೆಸರು ಬದಲಿಸಲು ಸಂಘಟಕರು ಅವಕಾಶ ಕೊಟ್ಟಿದ್ದರೆ ಹಾಗೆ ಮಾಡಿ, ಇಲ್ಲವಾದರೆ ಬಿಬ್ ಮನೆಯಲ್ಲೇ ಇರಲಿ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಊಟದ ಬಗ್ಗೆ ಒಂದೇ ಮಾತು. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಹೆಚ್ಚಿನವರಿಗೆ ಸುಮಾರು 30 ಕಿಲೋಮೀಟರ್ ವರೆಗೆ ಸಾಕಾಗಬಹುದು. ಅಲ್ಲಿಂದ ಮುಂದೆ ಕಾಲು ಕಲ್ಲಿನ ಹಾಗೆ ಆಗುವುದನ್ನೇ ಓಡುವವರು 'ಗೋಡೆ' ಅನ್ನುವುದು. ಅದಕ್ಕೆ ಕೊನೆಯ ಎರಡು ಮೂರು ದಿನ ಕಾರ್ಬೋಹೈಡ್ರೇಟ್ ಸ್ವಲ್ಪ ಜಾಸ್ತಿ ಇರಲಿ. ಕೊನೆಯ ರಾತ್ರಿ ಮಾತ್ರ ಹೊಟ್ಟೆ ಬಿರಿಯುವಷ್ಟು ತಿಂದರೆ ಬೆಳಿಗ್ಗೆ ಶೌಚಾಲಯದ ಸಾಲಿನಲ್ಲಿ ಎರಡೆರಡು ಸಲ ನಿಲ್ಲಬೇಕಾಗುತ್ತದೆ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಒಂದು ಜೆಲ್ಲಿನಲ್ಲಿ ಸುಮಾರು 20ರಿಂದ 25 ಗ್ರಾಂ ಇರುತ್ತದೆ. ಸುಸ್ತಾದ ಮೇಲೆ ತಿನ್ನುತ್ತೇನೆ ಅಂತ ಕಾಯಬೇಡಿ. ಮೊದಲ ಗಂಟೆಯಲ್ಲೇ ಶುರು ಮಾಡಿ. ಮತ್ತು ಅಭ್ಯಾಸದಲ್ಲಿ ತಿಂದು ನೋಡಿ, ಓಡುತ್ತಲೇ ಹರಿದು ನೋಡಿ. ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ನಿಮಗೆ ಗೊತ್ತು.

ಆ ರಾತ್ರಿ ನಿದ್ದೆ ಬರುವುದಿಲ್ಲ. ಗಾಬರಿ ಬೇಡ. ಅದರ ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದರೆ ಸಾಕು.

ಎಲ್ಲಿ ನಿಲ್ಲಬೇಕು

ಬೆಳಿಗ್ಗೆ ಬೇಗ ಹೋಗಿ. ಬ್ಯಾಗ್ ಕೊಡಲು ಒಂದು ಸಾಲು, ಶೌಚಾಲಯಕ್ಕೆ ಒಂದು ಸಾಲು, ಆರಂಭದ ಜಾಗಕ್ಕೆ ಹೋಗಲು ಇನ್ನೊಂದು ಸಾಲು. ಶೌಚಾಲಯದ ಸಾಲು ನೀವು ಊಹಿಸಿದ್ದಕ್ಕಿಂತ ಉದ್ದ ಇರುತ್ತದೆ. ತಡವಾಗಿ ಬಂದವರೇ ಅಲ್ಲಿ "ಸ್ವಲ್ಪ ಬಿಡಿ, ನನ್ನ ಓಟ ಶುರುವಾಗುತ್ತೆ" ಅಂತ ಮುಂದೆ ನುಗ್ಗುವುದು. ಸಾಲಿನಲ್ಲಿ ನಿಂತ ಎಲ್ಲರ ಓಟವೂ ಶುರುವಾಗುತ್ತದೆ ಅಲ್ವಾ? ಚಳಿ ಇದ್ದರೆ ಹಳೆಯ ಅಂಗಿಯೊಂದನ್ನು ಮೇಲೆ ಹಾಕಿಕೊಂಡು ನಿಲ್ಲಿ. ತೆಗೆದಾಗ ಅದನ್ನು ಬದಿಗೆ ಹೋಗಿ ಇಡಿ. ಓಡುವ ದಾರಿಯಲ್ಲಿ ಎಸೆದರೆ ಹಿಂದಿನವರ ಕಾಲಿಗೆ ಸುತ್ತಿಕೊಳ್ಳುತ್ತದೆ.

ಆರಂಭದ ಗೆರೆಯ ಹಿಂದೆ ವೇಗದ ಪ್ರಕಾರ ಗುಂಪುಗಳಿರುತ್ತವೆ. ನಾನು ಮೊದಲ ಸಲ ನನ್ನ ಗುಂಪು ಬಿಟ್ಟು ಮುಂದಿನ ಗುಂಪಿಗೆ ನುಸುಳಿದ್ದೆ. ಹಿಂದೆ ನಿಂತರೆ ಸಮಯ ಹಾಳಾಗುತ್ತದೆ ಅನ್ನುವ ಹೆದರಿಕೆ. ಅದು ಸುಳ್ಳು ಹೆದರಿಕೆ. ಗುಂಡಿನ ಸದ್ದಿನಿಂದ ಎಣಿಸುವ ಸಮಯ ಒಂದು, ಚಿಪ್ ಎಣಿಸುವ ಸಮಯ ಇನ್ನೊಂದು. ಚಿಪ್ಪಿನ ಗಡಿಯಾರ ನೀವು ಆರಂಭದ ಗೆರೆ ದಾಟಿದಾಗಲೇ ಶುರುವಾಗುವುದು. ಹತ್ತು ನಿಮಿಷ ತಡವಾಗಿ ದಾಟಿದರೂ ಆ ಲೆಕ್ಕದಲ್ಲಿ ಒಂದು ಸೆಕೆಂಡೂ ಹೋಗುವುದಿಲ್ಲ. ಮುಂದೆ ನಿಂತು ನಾನು ಮಾಡಿದ್ದು ಎರಡು ತಪ್ಪು. ಸುತ್ತ ಇದ್ದವರ ವೇಗಕ್ಕೆ ಸಿಕ್ಕಿ ಮೊದಲ 5 ಕಿಲೋಮೀಟರ್ ನನ್ನ ಶಕ್ತಿ ಮೀರಿ ಓಡಿದೆ. ಆಮೇಲೆ ನಿಧಾನವಾದಾಗ ನೂರಾರು ಜನ ನನ್ನನ್ನು ಸುತ್ತಿ ಬಳಸಿ ಹೋಗಬೇಕಾಯಿತು. ಒಬ್ಬೊಬ್ಬರೂ ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ.

ಆ ಒಂದೊಂದು ಹೆಜ್ಜೆಗೂ ಬೆಲೆ ಇದೆ. ಮ್ಯಾರಥಾನ್ ದಾರಿಯನ್ನು ಅಳೆಯುವುದು ಸೈಕಲ್ಲಿಗೆ ಕಟ್ಟಿದ ಮಾಪಕದಿಂದ. ತಿರುವುಗಳಲ್ಲಿ ರಸ್ತೆಯ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಓಡಲು ಸಾಧ್ಯವಿರುವ ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ಕಡಿಮೆ ಬೀಳದಿರಲಿ ಅಂತ ಪ್ರತಿ ಕಿಲೋಮೀಟರಿಗೆ ಒಂದು ಮೀಟರ್, ಅಂದರೆ ಒಟ್ಟು 42 ಮೀಟರ್ ಸೇರಿಸುತ್ತಾರೆ. ನಾವು ಗುಂಪಿನಲ್ಲಿ ಆ ಗೆರೆ ಹಿಡಿದು ಓಡಲಾರೆವು. ಹಾಗಾಗಿ ದೂರ ಅಳೆಯುವ ಕೈಗಡಿಯಾರ ಮ್ಯಾರಥಾನಿನ 42.195 ಕಿಲೋಮೀಟರ್ ದಾಟಿ ಇನ್ನೂ ಜಾಸ್ತಿ ತೋರಿಸುತ್ತದೆ. ಗಡಿಯಾರ 42 ತೋರಿಸಿದ ಮೇಲೂ ಮುಕ್ತಾಯದ ಗೆರೆ ಕಾಣದಿದ್ದಾಗ ಮೊದಲ ಸಲದವರು ಕಂಗಾಲಾಗುತ್ತಾರೆ. ಸಂಘಟಕರು ತಪ್ಪು ಅಳೆದಿದ್ದಾರೆ ಅಂತ ಜಗಳಕ್ಕೂ ನಿಲ್ಲುತ್ತಾರೆ. ದಾರಿಯಲ್ಲಿ ನೆಟ್ಟ ಕಿಲೋಮೀಟರ್ ಫಲಕಗಳನ್ನು ನಂಬಿ ಓಡಿ. ತಿರುವಿನಲ್ಲಿ ಒಳಗಿನ ಅಂಚು ಹಿಡಿಯಲು ಬೇರೆಯವರ ಮುಂದೆ ಅಡ್ಡ ಹೋಗಬೇಡಿ.

ಬೆನ್ನ ಹಿಂದೆ ಇರುವವರು

ಓಡುವಾಗಿನ ನಡವಳಿಕೆ ಅಂತ ಹೇಳುವುದೆಲ್ಲ ಹೆಚ್ಚೂಕಡಿಮೆ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಹಿಂದೆ ಬರುತ್ತಿರುವವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಮುಂದಿನ ಕ್ಷಣ ನೀವೇನು ಮಾಡುತ್ತೀರಿ ಅಂತ ಅವರಿಗೆ ಗೊತ್ತಾಗುವುದಿಲ್ಲ. ಅದನ್ನು ನೀವೇ ತಿಳಿಸಬೇಕು. ನಡೆಯಬೇಕೆನಿಸಿದರೆ ಮೊದಲು ಹಿಂದೆ ತಿರುಗಿ ನೋಡಿ, ಕೈ ಎತ್ತಿ, ಬದಿಗೆ ಬನ್ನಿ, ಆಮೇಲೆ ನಡೆಯಿರಿ. ಶೂ ಲೇಸ್ ಬಿಚ್ಚಿದರೂ ಹಾಗೆಯೇ. ಉಗುಳಬೇಕಾದರೆ ರಸ್ತೆಯ ಅಂಚಿಗೆ ಬಂದು, ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. ಗೆಳೆಯರ ಗುಂಪಿನಲ್ಲಿ ಬಂದಿದ್ದರೆ ಇಬ್ಬರಿಗಿಂತ ಜಾಸ್ತಿ ಜನ ಸಾಲಾಗಿ ಓಡಬೇಡಿ. ನಾಲ್ವರು ಕೈಕೈ ಹಿಡಿದ ಹಾಗೆ ಓಡಿದರೆ ಹಿಂದಿನವರಿಗೆ ಅದೊಂದು ಬೇಲಿ.

ಓಡಿ ನಡೆದು, ಓಡಿ ನಡೆದು ಹೋಗುವ ಕ್ರಮ ಇಟ್ಟುಕೊಂಡವರು ಇರುತ್ತಾರೆ. ಅದು ಒಳ್ಳೆಯ ಕ್ರಮ. ಮೊದಲ ಸಲದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಮ್ಯಾರಥಾನಿನಲ್ಲಿ ನಡೆಯುವುದು ಅವಮಾನ ಅಂತ ಯಾರಾದರೂ ಅಂದರೆ ಕಿವಿಗೊಡಬೇಡಿ. ಅಂಚಿನಲ್ಲಿ ನಡೆದರೆ ಸಾಕು. ಕಿವಿಗೆ ಹಾಡು ಹಾಕಿಕೊಳ್ಳುವವರು ಮೊದಲು ಆ ಓಟದ ನಿಯಮ ನೋಡಿ, ಕೆಲವು ಕಡೆ ಬಿಡುವುದಿಲ್ಲ. ಬಿಟ್ಟರೂ ಒಂದು ಕಿವಿ ತೆರೆದಿರಲಿ. ಹಿಂದಿನಿಂದ ಆಂಬುಲೆನ್ಸ್ ಬರಬಹುದು. "ಎಡಕ್ಕೆ ಬನ್ನಿ" ಅಂತ ಯಾರೋ ಕೂಗಬಹುದು.

ಬಾವುಟ ಕಟ್ಟಿಕೊಂಡು ಓಡುವ ಪೇಸರ್‌ಗಳ ಜೊತೆ ಹೋಗುವುದು ಮೊದಲ ಸಲ ತುಂಬ ಧೈರ್ಯ ಕೊಡುತ್ತದೆ. ಅವರು ತಮ್ಮ ಓಟವನ್ನು ಬದಿಗಿಟ್ಟು ನಿಮ್ಮ ಸಲುವಾಗಿ ಒಂದೇ ವೇಗದಲ್ಲಿ ಓಡುತ್ತಾರೆ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಈ ದೂರ ಓಡಿದಾಗ, ಸರದಿಯ ಮೇಲೆ ಬಂದು ಗಾಳಿ ತಡೆದ ಪೇಸರ್‌ಗಳು 41 ಜನ. ಅದು ಅಧಿಕೃತ ದಾಖಲೆ ಆಗಲಿಲ್ಲ, ಹಾಗೆ ಓಡಿದ್ದು ಅದಕ್ಕೆ ಒಂದು ಕಾರಣ. ಆದರೆ ಆ ಓಟ ನೋಡಿದವರಿಗೆ ನೆನಪಿರುತ್ತದೆ, ಕೊನೆಯ ಕೆಲವು ನೂರು ಮೀಟರಿನಲ್ಲಿ ಪೇಸರ್‌ಗಳೆಲ್ಲ ಹಿಂದೆ ಸರಿದು ಅವರೊಬ್ಬರನ್ನೇ ಮುಂದೆ ಬಿಟ್ಟರು. ಗೆದ್ದವರು ತಾವೇ ಅನ್ನುವ ಹಾಗೆ ಹಿಂದಿನಿಂದ ಕೈ ಎತ್ತಿ ಕುಣಿಯುತ್ತಾ ಬಂದರು. ನಿಮ್ಮ ಪೇಸರ್ ಸಿಕ್ಕಾಗ ಮುಗಿದ ಮೇಲೆ ಒಂದು ಮಾತು ಹೇಳಿ ಹೋಗಿ.

ಮೇಜಿನ ಆಚೆ ಬದಿ

ಮುಂದಿನ ವರ್ಷ ನಾನು ಓಡಲಿಲ್ಲ. ಸ್ವಯಂಸೇವಕನಾಗಿ ಹೆಸರು ಕೊಟ್ಟೆ. 33ನೇ ಕಿಲೋಮೀಟರಿನ ನೀರಿನ ಮೇಜು ನನ್ನ ಪಾಲಿಗೆ ಬಂತು. ಯಾಕೆ ಹೋದೆ ಅಂದರೆ, ಆ ಹತ್ತು ಸೆಕೆಂಡನ್ನು ಆಚೆ ಬದಿಯಿಂದ ನೋಡಬೇಕಿತ್ತು. ಕತ್ತಲಿರುವಾಗಲೇ ಹೋಗಿ ಲೋಟಗಳನ್ನು ಸಾಲಾಗಿ ಜೋಡಿಸಿದೆವು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಬೇಕು, ಪೂರ್ತಿ ತುಂಬಿದರೆ ಮುಖಕ್ಕೆ ಚೆಲ್ಲುತ್ತದೆ ಅಂತ ಅನುಭವ ಇದ್ದವರು ಹೇಳಿಕೊಟ್ಟರು. ಲೋಟದ ಅಂಚನ್ನು ಮೇಲಿನಿಂದ ಎರಡು ಬೆರಳಲ್ಲಿ ಹಿಡಿದು ಕೈ ಚಾಚಬೇಕು. ಆಗ ಓಡುವವರು ಕೆಳಗಿನಿಂದ ಸುಲಭವಾಗಿ ತೆಗೆದುಕೊಳ್ಳುತ್ತಾರೆ.

ಅಲ್ಲಿ ನಿಂತ ಮೇಲೆ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ಹತ್ತು ಮೇಜು ಸಾಲಾಗಿ ಇದ್ದರೂ ಜನ ಮುಗಿಬೀಳುವುದು ಮೊದಲ ಎರಡಕ್ಕೆ. ಕೊನೆಯ ಮೇಜಿನವರು ಲೋಟ ಹಿಡಿದು ಸುಮ್ಮನೆ ನಿಂತಿರುತ್ತಾರೆ. ನೀರು ಅಲ್ಲೂ ಅದೇ. ಅನುಭವ ಇದ್ದವರು ಮೊದಲ ಮೇಜುಗಳನ್ನು ಬಿಟ್ಟು ಮುಂದೆ ಬರುತ್ತಾರೆ. ದೂರದಿಂದಲೇ ಯಾರಾದರೂ ಒಬ್ಬರ ಕಣ್ಣು ನೋಡಿ, ಬೆರಳು ತೋರಿಸಿ, "ನಿಮ್ಮ ಹತ್ರ" ಅನ್ನುವ ಹಾಗೆ ಸನ್ನೆ ಮಾಡುತ್ತಾರೆ. ಲೋಟದ ಬಾಯಿಯನ್ನು ಹಿಸುಕಿ ಕೊಕ್ಕಿನ ಹಾಗೆ ಮಾಡಿ ಕುಡಿಯುತ್ತಾರೆ. ನಿಲ್ಲಲೇಬೇಕಿದ್ದರೆ ಮೇಜುಗಳೆಲ್ಲ ದಾಟಿದ ಮೇಲೆ ಬದಿಗೆ ಬಂದು ನಿಲ್ಲುತ್ತಾರೆ. ಖಾಲಿ ಲೋಟವನ್ನು ಡಬ್ಬಿಗೆ, ಡಬ್ಬಿ ಸಿಗದಿದ್ದರೆ ಅಂಚಿಗೆ, ಸೊಂಟಕ್ಕಿಂತ ಕೆಳಗೆ ಕೈ ಇಟ್ಟು ಹಾಕುತ್ತಾರೆ. ಭುಜದ ಮೇಲಿಂದ ಹಿಂದಕ್ಕೆ ಎಸೆದ ಲೋಟ ಹಿಂದಿನವರ ಎದೆಗೆ ಬೀಳುವುದನ್ನು ಆ ದಿನ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಎರಡು ಗಂಟೆಯಲ್ಲಿ ರಸ್ತೆಯ ತುಂಬ ಒದ್ದೆ ಲೋಟಗಳು. ನಿಧಾನಕ್ಕೆ ಬರುವವರು, ಅಂದರೆ ಕಾಲು ಎತ್ತಲೂ ಶಕ್ತಿ ಇಲ್ಲದವರು, ಓಡಬೇಕಾದದ್ದು ಅದರ ಮೇಲೆ. ನಾವು ಪೊರಕೆ ಹಿಡಿದು ಗುಡಿಸುತ್ತಲೇ ಇದ್ದೆವು.

ಕುಡಿಯುವುದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಮೇಜಿನಲ್ಲೂ ಎರಡೆರಡು ಲೋಟ ಕುಡಿಯಲೇಬೇಕು ಅಂದುಕೊಂಡು ಬರುವವರಿದ್ದಾರೆ. ಬಾಯಾರಿಕೆ ಮೀರಿ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಜಾಸ್ತಿಯಾದರೆ ಜೀವಕ್ಕೇ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಟದ ನಡುವೆ ತೂಕ ಹೆಚ್ಚಿದವರಲ್ಲಿ ಈ ತೊಂದರೆ ಹೆಚ್ಚಾಗಿತ್ತು. ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರು. ಬಾಯಾರಿದಾಗ ಕುಡಿಯಿರಿ. ಉಪ್ಪಿನ ಅಂಶ ಇರುವ ಪಾನೀಯ ಕೊಡುತ್ತಿದ್ದರೆ, ಅಭ್ಯಾಸದಲ್ಲಿ ಕುಡಿದು ಒಗ್ಗಿದ್ದರೆ, ಅದನ್ನೂ ನಡುನಡುವೆ ತಗೊಳ್ಳಿ.

ಮಧ್ಯಾಹ್ನ ಹತ್ತಿರವಾಯಿತು. ಮೇಜುಗಳನ್ನು ಮಡಿಸುವ ಮಾತು ಶುರುವಾಗಿತ್ತು. ಆಗ ಒಬ್ಬರು ಬಂದರು. ಅರವತ್ತು ದಾಟಿದ ವಯಸ್ಸು. ಓಟ ಅನ್ನಲಾಗದು, ನಡಿಗೆಯೂ ಅಲ್ಲ, ಕಾಲನ್ನು ಎಳೆದು ಎಳೆದು ಬರುತ್ತಿದ್ದರು. ಅಂಗಿಯ ಮೇಲೆ ಉಪ್ಪು ಬಿಳಿ ಗೆರೆಯಾಗಿ ಒಣಗಿತ್ತು. ತಯಾರಿ ಸಾಲದು ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಲೋಟ ತೆಗೆದುಕೊಂಡರು, ಪಕ್ಕಕ್ಕೆ ಸರಿದು ನಿಂತು ಕುಡಿದರು. ಡಬ್ಬಿ ಹತ್ತು ಹೆಜ್ಜೆ ದೂರ ಇತ್ತು. ಅಲ್ಲಿವರೆಗೂ ಹೋಗಿ ಹಾಕಿದರು. ಆಮೇಲೆ ನನ್ನ ಕಾಲಿನ ಕಡೆ ನೋಡಿ, "ಬೆಳಿಗ್ಗೆಯಿಂದ ನಿಂತೇ ಇದ್ದೀರಿ. ನಿಮಗೂ ಕಾಲು ನೋಯ್ತಿರಬೇಕು ಅಲ್ವಾ?" ಅಂದರು.

ನನಗೆ ಉತ್ತರ ಹೊರಡಲಿಲ್ಲ. 33 ಕಿಲೋಮೀಟರ್ ಆದ ಮೇಲೆ, ಐದು ಗಂಟೆಗೂ ಜಾಸ್ತಿ ಬಿಸಿಲಿನಲ್ಲಿ ಇದ್ದ ಮೇಲೆ, ಅವರಿಗೆ ನನ್ನ ಕಾಲು ಕಂಡಿತ್ತು. ತಯಾರಿ ಇದ್ದರೆ ಮಾತ್ರ ಬೇರೆಯವರತ್ತ ಗಮನ ಉಳಿಯುತ್ತದೆ ಅಂತ ನಾನು ಮಾಡಿಕೊಂಡಿದ್ದ ಲೆಕ್ಕ ಅವರ ಮುಂದೆ ಸರಿಬರಲಿಲ್ಲ. ನನ್ನ ಲೆಕ್ಕ ಪೂರ್ತಿ ತಪ್ಪು ಅಂತ ಈಗಲೂ ಅನಿಸುವುದಿಲ್ಲ. ನನ್ನಂಥವರಿಗೆ ಅದು ಬೇಕು. ಜೆಲ್ ಹರಿಯುವುದು ಕಲಿತ ಮೇಲೆಯೇ ನಾನು ಹಿಂದೆ ತಿರುಗಿ ನೋಡಲು ಶುರು ಮಾಡಿದ್ದು. ಆದರೆ ಅವರ ಹತ್ತಿರ ಇದ್ದದ್ದು ಬೇರೆ ಏನೋ. ಓಟ ಶುರುವಾಗುವ ಎಷ್ಟೋ ವರ್ಷ ಮೊದಲೇ ಅದನ್ನು ಅವರು ರೂಢಿಸಿಕೊಂಡಿರಬೇಕು. ಅದಕ್ಕೆ ವಾರಗಳ ಲೆಕ್ಕದ ಅಭ್ಯಾಸ ಯಾವುದು ಅಂತ ನನಗಿನ್ನೂ ಹೊಳೆದಿಲ್ಲ.

ಕೊನೆಯ ಹತ್ತು

30 ದಾಟಿದ ಮೇಲೆ ಎಲ್ಲರೂ ಸ್ವಲ್ಪ ಬದಲಾಗುತ್ತಾರೆ. ಸುಮ್ಮನೆ ಅಳು ಬರುತ್ತದೆ. ಸಣ್ಣ ಮಾತಿಗೆ ಸಿಟ್ಟು ಬರುತ್ತದೆ. ರಸ್ತೆ ಬದಿಯಲ್ಲಿ ನಿಂತವರು ಪ್ರೀತಿಯಿಂದ "ಇನ್ನೇನು ಬಂದೇಬಿಡ್ತು" ಅನ್ನುತ್ತಾರೆ. ಇನ್ನೂ 9 ಕಿಲೋಮೀಟರ್ ಇರುವಾಗ ಆ ಮಾತು ಭಾರವಾಗಿ ಕೇಳುತ್ತದೆ. (ನೀವು ಯಾರನ್ನಾದರೂ ಹುರಿದುಂಬಿಸಲು ಹೋದರೆ ಬಿಬ್ಬಿನ ಮೇಲಿರುವ ಹೆಸರು ಓದಿ ಕೂಗಿ. ಅಷ್ಟೇ ಸಾಕು, ಮೈ ಜುಮ್ಮೆನ್ನುತ್ತದೆ.) ನೋವು ತಡೆಯದೆ ಮಾತ್ರೆ ನುಂಗುವವರೂ ಇದ್ದಾರೆ. ಐಬುಪ್ರೊಫೆನ್ ತರಹದ ಮಾತ್ರೆ ಬೇಡ. ಗಂಟೆಗಟ್ಟಲೆ ಓಡಿ ನೀರು ಕಳೆದುಕೊಂಡ ಮೈಯಲ್ಲಿ ಅದು ಮೂತ್ರಪಿಂಡಕ್ಕೂ ಹೊಟ್ಟೆಗೂ ಪೆಟ್ಟು ಕೊಡಬಹುದು. ಎದೆನೋವು, ತಲೆ ತಿರುಗುವುದು, ಬೆವರು ಇದ್ದಕ್ಕಿದ್ದ ಹಾಗೆ ನಿಲ್ಲುವುದು, ಇವುಗಳ ಜೊತೆ ಹಟ ಮಾಡಬೇಡಿ. ನಿಲ್ಲಿ, ವೈದ್ಯರ ಹತ್ತಿರ ಹೋಗಿ.

ಬೇರೆಯವರಿಗೆ ಹಾಗಾದಾಗ ಏನು ಮಾಡಬೇಕು? 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣಕ್ಕೆ ಬಂದರು. ದಿಕ್ಕು ತಪ್ಪಿ ಉಲ್ಟಾ ತಿರುಗಿದರು. ಮತ್ತೆ ಮತ್ತೆ ಕುಸಿದು ಬಿದ್ದರು. ನೋಡಲಾಗದೆ ಅಧಿಕಾರಿಗಳು ಎತ್ತಿ ನಿಲ್ಲಿಸಿದರು, ಆಸರೆ ಕೊಟ್ಟು ಗೆರೆ ದಾಟಿಸಿದರು. ನೆರವು ಪಡೆದರು ಅನ್ನುವ ಕಾರಣಕ್ಕೆ ಅವರನ್ನು ಅನರ್ಹಗೊಳಿಸಿ ಚಿನ್ನವನ್ನು ಅಮೆರಿಕದ ಜಾನಿ ಹೇಯ್ಸ್‌ಗೆ ಕೊಟ್ಟರು. ಮರುದಿನ ರಾಣಿ ಅಲೆಕ್ಸಾಂಡ್ರಾ ಪಿಯೆಟ್ರಿಗೆ ಚಿನ್ನದ ಲೇಪದ ಬೆಳ್ಳಿಯ ಲೋಟ ಕೊಟ್ಟರು. ಅಂದಿನ ಓಟದ ಉದ್ದವೇ 42.195 ಕಿಲೋಮೀಟರ್. 1921ರಲ್ಲಿ ಅದೇ ಎಲ್ಲರಿಗೂ ನಿಗದಿಯಾಯಿತು. ನಾವು ಓಡುವ ದೂರವೇ ಆ ದಿನದ್ದು. ಪದಕದ ಲೆಕ್ಕ ಇರುವ ಓಟಗಾರರಿಗೆ ನಿಯಮ ಅಡ್ಡ ಬರಬಹುದು. ನಮಗೆ ಹಾಗೇನೂ ಇಲ್ಲ. ಪಕ್ಕದವರು ತೂರಾಡುತ್ತಿದ್ದರೆ "ಸರಿ ಇದ್ದೀರಾ? ಹೆಸರೇನು?" ಅಂತ ಕೇಳಿ. ಉತ್ತರ ತೊದಲಿದರೆ ಅಥವಾ ಬರದಿದ್ದರೆ ಬದಿಗೆ ಕೂರಿಸಿ, ಸ್ವಯಂಸೇವಕರನ್ನು ಕೂಗಿ, ಯಾರಾದರೂ ಬರುವವರೆಗೆ ಜೊತೆಗಿರಿ. ನಿಮ್ಮ ನಾಲ್ಕು ನಿಮಿಷ ಹೋಗುತ್ತದೆ. ಹೋಗಲಿ. ನನ್ನ ಮೊದಲ ಓಟದ 36ನೇ ಕಿಲೋಮೀಟರಿನಲ್ಲಿ ನಾನು ಕಾಲು ಹಿಡಿದುಕೊಂಡು ನಿಂತಿದ್ದಾಗ ಯಾರೋ ಒಬ್ಬರು ಏನೂ ಕೇಳದೆ ಜೊತೆಗೆ ಅರ್ಧ ಕಿಲೋಮೀಟರ್ ನಡೆದರು. ಆಮೇಲೆ "ಈಗ ಓಡ್ತೀರಾ?" ಅಂದರು. ಓಡಿದೆ.

ಕಟ್-ಆಫ್ ಸಮಯ, ಅಂದರೆ ಓಟ ಮುಗಿಸಲು ಕೊಟ್ಟ ಗಡುವು, ಎಷ್ಟು ಅಂತ ಮೊದಲೇ ತಿಳಿದಿರಿ. ಓಟಗಾರರ ಹಿಂದೆ ಬರುವ ಸಂಘಟಕರ ಕೊನೆಯ ಗಾಡಿ ನಿಮ್ಮನ್ನು ದಾಟಿದರೆ ರಸ್ತೆ ವಾಹನಗಳಿಗೆ ತೆರೆದಿದೆ ಅಂತ ಅರ್ಥ. ಬೇಸರವಾಗುತ್ತದೆ, ಆದರೂ ಫುಟ್‌ಪಾತ್ ಹತ್ತಿ. ಅಲ್ಲಿ ಕರೆಯುವ ಹುಡುಗ ಹುಡುಗಿಯರ ಮೇಲೆ ರೇಗಬೇಡಿ, ಅವರು ಹೇಳಿದ ಕೆಲಸ ಮಾಡುತ್ತಿದ್ದಾರೆ.

ಮುಕ್ತಾಯದ ಗೆರೆ ದಾಟಿದ ಕೂಡಲೇ ಅಲ್ಲೇ ನಿಲ್ಲಬೇಡಿ. ಹಿಂದೆಯೇ ಒಬ್ಬರು ತಮ್ಮ ಜೀವಮಾನದ ಮೊದಲ ಮ್ಯಾರಥಾನ್ ಮುಗಿಸಲು ಪೂರ್ತಿ ವೇಗದಲ್ಲಿ ಬರುತ್ತಿರುತ್ತಾರೆ. ಮುಂದೆ ನಡೆಯುತ್ತಾ ಹೋಗಿ. ಇದು ನಿಮ್ಮ ಮೈಗೂ ಬೇಕು. ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತಿ ಬೀಳುವ ಸಾಧ್ಯತೆ ಇರುತ್ತದೆ. ತಿನ್ನಲು ಕುಡಿಯಲು ಕೊಡುವುದನ್ನು ಒಬ್ಬರಿಗೆ ಎಷ್ಟೋ ಅಷ್ಟೇ ತಗೊಳ್ಳಿ. ಕೊನೆಯಲ್ಲಿ ಬರುವವರಿಗೇ ಅದು ಎಲ್ಲರಿಗಿಂತ ಜಾಸ್ತಿ ಬೇಕಿರುತ್ತದೆ.

ನನ್ನ ಎರಡನೇ ಮ್ಯಾರಥಾನಿಗೆ ಇನ್ನು ಹನ್ನೊಂದು ದಿನ ಇದೆ. ನೀಲಿ ಅಂಗಿಯವರನ್ನು ಈ ಸಲವೂ ಆರಂಭದ ಗುಂಪಿನಲ್ಲಿ ಹುಡುಕುತ್ತೇನೆ. ಸಿಕ್ಕರೆ ಏನು ಹೇಳಬೇಕು ಅಂತ ಗೊತ್ತಿದೆ. ಅಂಗೈಯ ಗಾಯ ಮಾಯಿತಾ, ಆವತ್ತು ಮುಗಿಸಿದಿರಾ ಅಂತ ಮೊದಲು ಕೇಳಬೇಕು. ನಿನ್ನೆ ಸಂಜೆ ಜೆಲ್ ಪೊಟ್ಟಣಗಳನ್ನು ಹರಡಿಕೊಂಡು ಕೂತಿದ್ದೆ. ಪ್ರತಿ ಪೊಟ್ಟಣದ ಮೂಲೆಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿದೆ, ಒಳಗಿನದು ಸೋರದಷ್ಟು. ಕೈ ಒದ್ದೆ ಮಾಡಿಕೊಂಡು ಒಂದನ್ನು ಎಳೆದು ನೋಡಿದೆ. ಒಂದೇ ಎಳೆತಕ್ಕೆ ಹರಿಯಿತು.